ಸ್ಟೀಫನ್ ಕಿಂಗ್ ಬರೆದಿರೋ ಭಯದ ಕಾದಂಬರಿ 'ಇಟ್' 300ನೇ ಪೇಜಲ್ಲಿ ನಿಂತೋಗಿದೆ, ಅದರ ಟಿವಿ ಸೀರಿಯಲ್ ನೋಡ್ಬಿಡ್ಲಾ ಅಂತ ಕೇಳಿದ್ರಲ್ಲ, ಅದಕ್ಕೆ

ತೊಡಕು ಕಾಲದ್ದೇ ಇರ್ಬೇಕು, ಕಥೆ 1958ಕ್ಕೂ 1985ಕ್ಕೂ ಹಿಂದೆಮುಂದೆ ಓಡಾಡ್ತಾನೇ ಇರುತ್ತೆ, ಮೆಜೆಸ್ಟಿಕ್ಕಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ನಿಂತ್ಕೊಂಡು ಬಿಟ್ಟುಬಿಟ್ಟು ಓದಿದ್ರೆ ಎಳೆ ತಪ್ಪೇ ತಪ್ಪುತ್ತೆ, ನಂಗೂ ಹಂಗೇ ಆಗಿತ್ತು. ಮೊದ್ಲು ವಾಪಸ್ ಹೋಗಿ ಪ್ರತಿ ಅಧ್ಯಾಯದ ತಲೇಲಿ ಪೆನ್ಸಿಲಲ್ಲಿ ಇಸವಿ ಬರೀರಿ. ಆಮೇಲೆ ಏಳು ಮಕ್ಕಳ ಹೆಸರು, ದೊಡ್ಡವರಾಗಿ ಏನಾದ್ರು ಅನ್ನೋದು ಬುಕ್‌ಮಾರ್ಕ್ ಮೇಲೆ. ಕಥೆ ನಡೆಯೋ ಡೆರ್ರಿ ಊರಿನ ಇಂಟರ್‌ಲೂಡ್‌ಗಳನ್ನ, ಅಂದ್ರೆ ಭಾಗಗಳ ಮಧ್ಯೆ ಊರಿನ ಹಳೇ ಕಥೆ ಹೇಳೋ ತುಣುಕುಗಳನ್ನ, ಮಾತ್ರ ಹಾರಿಸ್ಬೇಡಿ, ಸೀರಿಯಲ್‌ನಲ್ಲಿ ಅವು ಹೆಚ್ಚುಕಮ್ಮಿ ಇಲ್ವೇ ಇಲ್ಲ, ನನ್ ಪ್ರಕಾರ ನಿಜವಾದ ಭಯ ಇರೋದೇ ಅಲ್ಲಿ, ಊರಿಗೆ ಊರೇ ಕಣ್ಮುಚ್ಕೊಂಡು ಕೂತಿರುತ್ತೆ.

1990ರ ಸೀರಿಯಲ್ ಈಗ್ಲೇ ಬೇಡ. ಇರೋದು ಎರಡೇ ಭಾಗ, ಮೊದಲನೇದು ಮುಗಿಯೋ ಹೊತ್ತಿಗೇ ಮಕ್ಕಳು ಚರಂಡೀಲಿ 'ಇಟ್' ಅನ್ನೋ ರಾಕ್ಷಸನ್ನ ಎದುರಿಸಿಬಿಡ್ತಾರೆ, ಪುಸ್ತಕದಲ್ಲಿ ಆ ಘಟನೆ ಬರೋದು ಐದನೇ ಅಂದ್ರೆ ಕೊನೇ ಭಾಗದಲ್ಲಿ. ಇಸವಿ ಹಾಕ್ಕೊಂಡು ಇನ್ನೊಂದು 50 ಪೇಜ್ ಓದಿ, ಆಗ್ಲೂ ಹಿಡೀಲಿಲ್ಲ ಅಂದ್ರೆ ಕಾರಣ ಬೇರೆ ಇರ್ಬಹುದು, ಆಗ ನೋಡ್ಬಿಡಿ.