2205 ಕಪ್ ಯಾಕೆ ಬಾಯಿ ಬಿಡುತ್ತದೆ, ಮತ್ತು ಆ 450 ಡಿಗ್ರಿ ವಿಚಾರ

ಸರ್, ನೀವು ಕೇಳಿದ್ದು ಎರಡು. ಮಾಮೂಲಿ 304 ಸ್ಟೇನ್‌ಲೆಸ್ ಸ್ಟೀಲಿಗೆ ಮಾಡಿಸಿದ ಡೈಯಲ್ಲೇ (ಅಚ್ಚಿನಲ್ಲೇ) 1.2 ಮಿ.ಮೀ. 2205 ಡ್ಯೂಪ್ಲೆಕ್ಸ್ (ಎರಡು ಬಗೆ ಹರಳು ಬೆರೆತ ಸ್ಟೇನ್‌ಲೆಸ್) ಶೀಟ್ ಎಳೆದಿರಿ, ಬೋರ್‌ವೆಲ್ ಪಂಪಿನ ಕಪ್ ಚೆನ್ನಾಗೇ ಬಂತು. ಗೋಡೆಗೆ ಸೀಳು ಹಾಕಿದ ತಕ್ಷಣ ಬಾಯಿ ಬಿಟ್ಟಿತು, ಯಾಕೆ? ಎರಡನೆಯದು, 450 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಒಳಗಿನ ಒತ್ತಡ ಇಳಿಯುತ್ತದಾ?

ಎರಡನೆಯದಕ್ಕೇ ಮೊದಲು ಹೇಳುತ್ತೇನೆ, ಇವತ್ತೇ ಓವನ್‌ಗೆ ಹಾಕಿಬಿಟ್ಟೀರಿ ಅಂತ. ಬೇಡ. ಮೈಲ್ಡ್ ಸ್ಟೀಲ್ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಸುಮಾರು 300ರಿಂದ 550 ಡಿಗ್ರಿ ನಡುವೆ ಇದರ ಫೆರೈಟ್ ಭಾಗ (ಆ ಎರಡು ಬಗೆ ಹರಳಿನಲ್ಲಿ ಒಂದು) ಪೆಡಸಾಗುತ್ತದೆ, 475ರ ಆಸುಪಾಸಿನಲ್ಲಂತೂ ಬೇಗ. ಇನ್ನೂ ಮೇಲೆ ಹೋದರೆ, 600ರಿಂದ 1000 ಡಿಗ್ರಿವರೆಗೆ, ಸಿಗ್ಮಾ ಅನ್ನುವ ಪೆಡಸು ಹರಳು ಹುಟ್ಟಿಕೊಳ್ಳುತ್ತದೆ. ಆಗ ಪೆಟ್ಟು ತಾಳುವ ಗುಣವೂ ಹೋಯ್ತು, ತುಕ್ಕು ತಡೆಯುವ ಗುಣವೂ ಹೋಯ್ತು. ಕಾಯಿಸಲೇಬೇಕೆಂದರೆ 1040ರಿಂದ 1100 ಡಿಗ್ರಿಗೆ ಏರಿಸಿ, ತಕ್ಷಣ ನೀರಿಗೆ ಬಿಡಬೇಕು. ತೆಳು ಕಪ್ ಅದರಲ್ಲೇ ಸೊಟ್ಟಗಾಗುತ್ತದೆ, ಮೇಲೆ ಪಿಕ್ಲಿಂಗ್ (ಆಸಿಡ್‌ನಲ್ಲಿ ತೊಳೆಯುವ) ಖರ್ಚು ಬೇರೆ.

ಈಗ ಬಾಯಿ ಬಿಡುವ ವಿಷಯ. 304 ಶೀಟ್ ಮಣಿಯಲು ಶುರುಮಾಡುವ ಮಟ್ಟ ಕನಿಷ್ಠ 205 ಮೆಗಾಪಾಸ್ಕಲ್, 2205ಕ್ಕೆ 450. ಆದರೆ ಬಿಗುವು (ಬಗ್ಗದೆ ಎದುರು ನಿಲ್ಲುವ ಗುಣ, ಮಾಡ್ಯುಲಸ್) ಎರಡಕ್ಕೂ ಹೆಚ್ಚುಕಡಿಮೆ ಒಂದೇ, 200 ಗಿಗಾಪಾಸ್ಕಲ್. ಅಂದರೆ ಇದು ಎರಡು ಪಟ್ಟು ಹಿಂದಕ್ಕೆ ಚಿಮ್ಮುತ್ತದೆ. ಶೀಟ್ ಡೈ ಅಂಚಿನ ಮೇಲೆ ಬಾಗಿ, ಗೋಡೆಗೆ ಇಳಿಯುವಾಗ ಮತ್ತೆ ನೇರವಾಗುತ್ತದಲ್ವಾ? ಆ ಹೊಡೆತಕ್ಕೆ ಹೊರಮೈ ಎಳೆತದಲ್ಲಿ, ಒಳಮೈ ಒತ್ತಿನಲ್ಲಿ ಉಳಿದುಬಿಡುತ್ತದೆ. ಕಪ್ಪಿನ ಗೋಡೆ ಬಳೆಯಂತೆ ಪೂರ್ತಿ ಇರುವವರೆಗೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಸೀಳಿದಿರೋ, ಬಿಟ್ಟುಕೊಳ್ಳುತ್ತವೆ. ನಾನು ಒಮ್ಮೆ ಇದು ಗೊತ್ತಿಲ್ಲದೆ ಎಳೆದ ಕಪ್ಪಿಗೆ ಲೇಸರ್‌ನಲ್ಲಿ ಕಿಟಕಿ ಕತ್ತರಿಸಿದೆ. ಬ್ಯಾಚ್ ಪೂರ್ತಿ ಮೊಟ್ಟೆ ಆಕಾರಕ್ಕೆ ತಿರುಗಿತು.

ಎಷ್ಟು ಒತ್ತಡ ಇದೆ ಅಂತ ನೀವೇ ಅಂದಾಜು ಮಾಡಬಹುದು. ವೈರ್‌ಕಟ್‌ನಲ್ಲಿ (ತಂತಿಯ ಕಿಡಿಯಿಂದ ಕತ್ತರಿಸುವ ಯಂತ್ರದಲ್ಲಿ) ಗೋಡೆಯಿಂದ 15 ಮಿ.ಮೀ. ಎತ್ತರದ ಬಳೆ ತೆಗೆಯಿರಿ. ಗ್ರೈಂಡರ್ ಬೇಡ, ಅದರ ಶಾಖವೇ ಹೊಸ ಒತ್ತಡ ತರುತ್ತದೆ. ಗೋಡೆಯ ನಡುವಿನ ವ್ಯಾಸ ಅಳೆದು, ಬಳೆ ಸೀಳಿ, ಮತ್ತೆ ಅಳೆಯಿರಿ. 1 ಭಾಗಿಸು ಹಳೆ ವ್ಯಾಸ, ಅದರಿಂದ 1 ಭಾಗಿಸು ಹೊಸ ವ್ಯಾಸ ಕಳೆಯಿರಿ. ಬಂದದ್ದನ್ನು ದಪ್ಪದಿಂದಲೂ 2,00,000ದಿಂದಲೂ (ಆ 200 ಗಿಗಾಪಾಸ್ಕಲ್ಲೇ, ಮೆಗಾಪಾಸ್ಕಲ್ ಲೆಕ್ಕದಲ್ಲಿ) ಗುಣಿಸಿ. 100 ಮಿ.ಮೀ. ಇದ್ದದ್ದು 106 ಆಯ್ತು ಅಂದರೆ ಸುಮಾರು 136 ಮೆಗಾಪಾಸ್ಕಲ್. ಒತ್ತಡ ದಪ್ಪದುದ್ದಕ್ಕೂ ಒಂದೇ ಸಮ ಬದಲಾಗುತ್ತದೆ ಅಂದುಕೊಂಡ ಲೆಕ್ಕ ಇದು. ತಳ, ನಡು, ಬಾಯಿ ಮೂರೂ ಕಡೆ ಬಳೆ ತೆಗೆಯಿರಿ, ಒಂದೇ ಥರ ಬರುವುದಿಲ್ಲ.

ಲ್ಯಾಬಿನಲ್ಲಿ ಎಕ್ಸ್‌ರೇಯಿಂದ ಈ ಒತ್ತಡ ಅಳೆಸುವುದಾದರೆ ಒಂದು ಮಾತು. ಈ ಶೀಟಿನಲ್ಲಿ ಅರ್ಧ ಫೆರೈಟ್, ಅರ್ಧ ಆಸ್ಟೆನೈಟ್. ಮಿಲ್ಲಿನಲ್ಲಿ ತಣಿಯುವಾಗ ಆಸ್ಟೆನೈಟ್ ಜಾಸ್ತಿ ಕುಗ್ಗುತ್ತದೆ, ಫೆರೈಟ್ ಕಡಿಮೆ. ಹಾಗಾಗಿ ಪ್ರೆಸ್ಸಿಗೆ ಬರುವ ಮೊದಲೇ ಆಸ್ಟೆನೈಟ್ ಎಳೆತದಲ್ಲಿ, ಫೆರೈಟ್ ಒತ್ತಿನಲ್ಲಿ ಇರುತ್ತದೆ. ಬರೀ ಫೆರೈಟ್ ಅಳೆದು ಕೊಟ್ಟ ಸಂಖ್ಯೆ ನೋಡಿ ಖುಷಿಪಡಬೇಡಿ, ಎರಡನ್ನೂ ಕೇಳಿ. ಅದೂ ಮೇಲ್ಪದರದ ಕೆಲವೇ ಮೈಕ್ರಾನಿನ ಕಥೆ.

ಪರಿಹಾರ ಅಂದರೆ ನನ್ನ ಕೈ ಹಿಡಿದದ್ದು ಸಣ್ಣ ಐರನಿಂಗ್. ಪಂಚು ಡೈ ನಡುವಿನ ಸಂದು ಗೋಡೆಯ ದಪ್ಪಕ್ಕಿಂತ ಚೂರು ಕಡಿಮೆ ಇಡಿ. ಗೋಡೆ ಪೂರ್ತಿ ದಪ್ಪಕ್ಕೂ ಒಟ್ಟಿಗೆ ಹಿಗ್ಗುತ್ತದೆ, ಹೊರಗೂ ಒಳಗೂ ಇದ್ದ ವ್ಯತ್ಯಾಸ ಇಳಿಯುತ್ತದೆ. ಟನ್ನೇಜ್ (ಪ್ರೆಸ್ಸಿಗೆ ಬೇಕಾದ ಬಲ) ಏರುತ್ತದೆ, ಡೈಗೆ ಮೆತ್ತಿಕೊಳ್ಳುವ ಕಾಟವೂ ಏರುತ್ತದೆ. ಎಣ್ಣೆಯಲ್ಲಿ ಜಿಪುಣತನ ಮಾಡಬೇಡಿ.

ನಿಮ್ಮದು ತಣ್ಣೀರಿನ ಕೆಲಸ. ಉಳಿದ ಒತ್ತಡದಿಂದ ಬಿರುಕು ಬರುವ ಭಯ ಇಟ್ಟುಕೊಳ್ಳಬೇಡಿ, ಆ ವಿಷಯದಲ್ಲಿ ಇದು 304ಕ್ಕಿಂತ ಎಷ್ಟೋ ಮೇಲು. ನಿಮಗಿರುವುದು ಆಕಾರದ ತಲೆನೋವು ಮಾತ್ರ. ಮೂರು ಬಳೆಗಳ ಅಳತೆ, ಡೈ ಅಂಚಿನ ರೇಡಿಯಸ್ ಇಲ್ಲಿ ಹಾಕಿ, ಸಂದು ಎಷ್ಟಿಡಬೇಕು ನೋಡೋಣ.