ಹೆಡ್ ಪೋರ್ಟಿಂಗ್ ಆಮೇಲೆ, ಮೊದಲು ಬ್ರೇಕ್ ಆಯಿಲ್ ಬದಲಿಸು ತಮ್ಮ

ಎಂಜಿನ್ ಎಳೀತಿಲ್ಲ ಅಂತ ನೀನು ಹಾಕಿದ ಪೋಸ್ಟ್ ನೋಡಿ ಸುಮ್ಮನಿರೋಣ ಅಂತಿದ್ದೆ, ಆಗ್ಲಿಲ್ಲ. ಆರು ಜನ ಗೆಳೆಯರು ಆರು ಹಳೆ ಆಲ್ಟೋ 800 ತಗೊಂಡು, ಎಲ್ಲರಿಗೂ ಒಂದೇ ಟೈರು ಅಂತ ನೀವೇ ರೂಲ್ ಮಾಡ್ಕೊಂಡು, ಮುಂದಿನ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಹೊರಟಿದ್ದೀರಿ. ಬಹಳ ಸಂತೋಷ. ಆದ್ರೆ ಪೋಸ್ಟಿನ ಕೆಳಗೆ ನೀನು ಹಾಕಿರೋ ಪಟ್ಟಿ ನೋಡಿ ತಲೆ ಚಚ್ಚಿಕೊಂಡೆ. ಹೆಡ್ ಪೋರ್ಟಿಂಗ್ (ಎಂಜಿನ್ ಹೆಡ್ಡಿನ ಗಾಳಿದಾರಿ ಕೊರೆದು ಅಗಲ ಮಾಡೋದು), ಕೋನ್ ಏರ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್, ಎಲ್ಲ ಎಂಜಿನ್ ಪವರಿಗೆ. ಎಲ್ಲ ಆದ್ಮೇಲೆ ಕೊನೇಲಿ, "ಬ್ರೇಕ್ ಸ್ಟಾಕ್ ಇದೆ, ಪ್ಯಾಡ್ ಹೊಸದು, ಸಾಕಲ್ವಾ?" ಇದೇ ಪಟ್ಟಿ ಇದೇ ವರಸೆಯಲ್ಲಿ ನಂದೂ ಇತ್ತು. ನಂದು ಮಾರುತಿ ಎಸ್ಟೀಮ್, ಅಷ್ಟೇ ವ್ಯತ್ಯಾಸ.

ಹೆಡ್ ಕೆಲಸಕ್ಕೆ ಅವತ್ತಿನ ಕಾಲಕ್ಕೇ 65 ಸಾವಿರ ಸುರಿದೆ. ಬ್ರೇಕ್ ಆಯಿಲ್ ಮಾತ್ರ ಹೋದ ಮಳೆಗಾಲದಲ್ಲಿ ತೆರೆದ ಡಬ್ಬ ಶೆಡ್ಡಲ್ಲಿ ಅರ್ಧ ಉಳಿದಿತ್ತಲ್ಲ, ಅದನ್ನೇ ಟಾಪ್ ಅಪ್ ಮಾಡಿದೆ. ಮುನ್ನೂರು ರೂಪಾಯಿ ಉಳಿಸಿದ್ದೆ. ಕೊಯಮತ್ತೂರಿಗೆ ಕಾರನ್ನ ಓಡಿಸಿಕೊಂಡೇ ಹೋದ್ವಿ. ಮೈಸೂರು, ಚಾಮರಾಜನಗರ, ಹಾಸನೂರು, ಆಮೇಲೆ ದಿಂಬಂ ಘಾಟಿಯ 27 ಹೇರ್‌ಪಿನ್ನು. ಹಿಂದಿನ ಸೀಟಲ್ಲಿ ನಾಲ್ಕು ಟೈರು, ಜಾಕು, ಟೂಲ್ ಬಾಕ್ಸು, ಜೊತೆಗೆ ಇಬ್ಬರು ಆಳು. ಇಳಿಜಾರಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದದ್ದು. ಸತ್ಯಮಂಗಲದಲ್ಲಿ ಟೀ ಕುಡಿಯುವಾಗ ಚಕ್ರದಿಂದ ವಾಸನೆ ಬರ್ತಿತ್ತು, ನಾವು ನಕ್ಕೆವು.

ಟ್ರ್ಯಾಕಲ್ಲಿ ಮೊದಲ ಸೆಷನ್ ಏನೂ ಆಗ್ಲಿಲ್ಲ. ಎರಡನೇದರಲ್ಲಿ ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಸ್ವಲ್ಪ ಉದ್ದ ಆಯ್ತು, ಅಂದ್ರೆ ಇನ್ನೂ ಕೆಳಗೆ ತುಳಿಬೇಕಾಯ್ತು. ಗೊತ್ತಾಯ್ತು, ಆದ್ರೆ ಮುಂದಿದ್ದವನು ಎರಡೇ ಕಾರಿನ ದೂರದಲ್ಲಿದ್ದ, ಎಂತಕ್ಕೆ ಬಿಡಬೇಕು ಅನ್ನಿಸ್ತು. ಐದನೇ ಸುತ್ತಲ್ಲಿ ಸ್ಟ್ರೇಟಿನ (ನೇರ ದಾರಿಯ) ಕೊನೆಗೆ ತುಳಿದ್ರೆ ಪೆಡಲ್ ಸೀದಾ ಮ್ಯಾಟಿಗೆ. ಕೆಸರಲ್ಲಿ ಕಾಲಿಟ್ಟ ಹಾಗೆ, ಕೆಳಗೆ ಎಂತದೂ ಇಲ್ಲ. ಎರಡು ಸಲ ಪಂಪ್ ಮಾಡಿದೆ, ಮೂರನೇ ಗೇರು, ಎರಡನೇ ಗೇರು, ಆಮೇಲೆ ಟೈರ್ ಗೋಡೆ. ನನಗೇನೂ ಆಗ್ಲಿಲ್ಲ. ಬಂಪರು, ರೇಡಿಯೇಟರು ಎರಡೂ ಹೋಯ್ತು. 65 ಸಾವಿರದ ಹೆಡ್ಡು ತರಕಾರಿ ಪಿಕಪ್ಪಲ್ಲಿ ಮಲಗಿಕೊಂಡು ಊರಿಗೆ ಬಂತು.

ಆಗಿದ್ದು ಇಷ್ಟೇ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತೆ. ಡಾಟ್ 3, ಡಾಟ್ 4 ಅಂತ ಅದರ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ನೀರು ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಡಾಟ್ 4 ಆದ್ರೆ 230 ಮತ್ತು 155. ನಮ್ಮ ಕೊಡಗಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ, ಚಪ್ಪಲಿ, ಮದುವೆ ಸೂಟು ಎಲ್ಲದರ ಮೇಲೂ ಬೂಷ್ಟು ಹಿಡಿಯುತ್ತೆ, ತೆರೆದ ಡಬ್ಬ ಬಿಡುತ್ತಾ? ಆಯಿಲ್ ಕುದಿದ್ರೆ ಆವಿ, ಆವಿಯನ್ನ ಒತ್ತಿದ್ರೆ ಕುಗ್ಗುತ್ತೆ, ಪ್ಯಾಡ್ ಹಿಂಡೋ ಕ್ಯಾಲಿಪರಿಗೆ ಒತ್ತಡ ಹೋಗಲ್ಲ. ಪ್ಯಾಡ್ ಎಷ್ಟೇ ಹೊಸದಿರಲಿ ಪ್ರಯೋಜನ ಇಲ್ಲ. ಮೇಲಾಗಿ ನಿನ್ನ ಆಲ್ಟೋ ಮುಂದಿನ ಡಿಸ್ಕು ಸಾಲಿಡ್, ಒಳಗೆ ಗಾಳಿ ಹೋಗೋ ಜಾಗವೇ ಇಲ್ಲ, ಬೇಗ ಕಾಯುತ್ತೆ.

ನನ್ನ ಕೇಳಿದ್ರೆ ಮೊಟುಲ್ ಕಂಪನಿಯ ಆರ್‌ಬಿಎಫ್ 600 ಬ್ರೇಕ್ ಆಯಿಲ್ ಹಾಕು. ಹೊಸದಿದ್ದಾಗ 312 ಡಿಗ್ರಿ. ದುಬಾರಿ ಅಂತ ಅಳ್ಬೇಡ, ಕೋನ್ ಫಿಲ್ಟರಿಗೆ ಇಟ್ಟ ದುಡ್ಡಲ್ಲಿ ಬರುತ್ತೆ. ಅದು ಸಿಗದಿದ್ರೆ ಒಳ್ಳೆ ಕಂಪನಿಯ ಸೀಲ್ ಒಡೆಯದ ಡಾಟ್ 4 ಸಾಕು, ನಿನ್ನ ಕಾರು 700 ಕೆಜಿ ಆಸುಪಾಸು ಅಷ್ಟೇ. ಡಾಟ್ 5 ಅಂತ ಬರೆದಿರೋದು ಮಾತ್ರ ಮುಟ್ಟಬೇಡ. ಅದು ಸಿಲಿಕಾನ್, ಇದರ ಜೊತೆ ಬೆರೆಯಲ್ಲ. 5.1 ಬೇರೆ, ಅದು ಆಗುತ್ತೆ.

ಬ್ಲೀಡಿಂಗ್, ಅಂದ್ರೆ ಹಳೆ ಆಯಿಲ್ಲೂ ಗಾಳಿಯೂ ಹೊರಗೆ ತೆಗೆಯೋದು, ಎಲ್ಲರಿಗೂ ಗೊತ್ತು ಅಂತಾರೆ, ಸರಿಯಾಗಿ ಮಾಡೋರು ಕಮ್ಮಿ. ಹಿಂದಿನ ಎಡಚಕ್ರದಿಂದ ಶುರು ಮಾಡು, ಪೆಡಲ್ ತುಳಿದಾಗ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರಿಗೆ ಅದೇ ದೂರ. ಹಳೆ ಕಾರಲ್ಲಿ ಪೆಡಲ್‌ನ ಪೂರ್ತಿ ಕೆಳಗೆ ತುಳಿಬೇಡಿ. ಯಾವತ್ತೂ ಪಿಸ್ಟನ್ ಹೋಗದ ಜಾಗದಲ್ಲಿ ಸಿಲಿಂಡರ್ ಒಳಗೆ ತುಕ್ಕು ಕೂತಿರುತ್ತೆ, ಸೀಲ್ ಅಲ್ಲಿ ಹರಿಯುತ್ತೆ. ನಾನು ಪೆಡಲ್ ಕೆಳಗೆ ಸಿಲ್ವರ್ ಓಕಿನ ಒಂದು ತುಂಡು ಇಡ್ತೀನಿ. ನಮ್ಮ ತೋಟದ ರೈಟರ್ (ಲೆಕ್ಕ ಬರೆಯೋರು) ತುಳಿಯೋದು, ನಾನು ಚಕ್ರದ ಹಿಂದೆ ಆಯಿಲ್ ಬಿಡೋ ನಿಪ್ಪಲ್ ಹತ್ರ. ಅವರು "ತುಳಿದೆ" ಅಂದ್ಮೇಲೆ ಬಿಚ್ಚು, ಮುಚ್ಚಿದ ಮೇಲೇ ಕಾಲು ಎತ್ತಬೇಕು. ಟ್ಯೂಬಲ್ಲಿ ಮೊದಲು ಬೆಲ್ಲದ ಕಾಫಿ ಬಣ್ಣ ಬರುತ್ತೆ, ಆಮೇಲೆ ತಿಳಿ. ತಿಳಿ ಬಂದ ಮೇಲೂ ಇನ್ನೊಂದು ಹತ್ತು ಸಲ. ಆಯಿಲ್ ತುಂಬೋ ಮೇಲಿನ ಡಬ್ಬಿ ಖಾಲಿಯಾಗೋಕೆ ಬಿಟ್ರೆ ಮತ್ತೆ ಮೊದಲಿಂದ. ಮೇಲೆ ಕಾಮೆಂಟಲ್ಲಿ ಒಬ್ಬರು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಸ್ಪ್ರೇಯರಲ್ಲಿ ಪ್ರೆಶರ್ ಕೊಟ್ಟು ಬ್ಲೀಡ್ ಮಾಡಿ ಅಂದಿದ್ದಾರೆ. ಸ್ವಾಮಿ, ಮೈಲುತುತ್ತ ಸುಣ್ಣ ತುಂಬಿದ್ದ ಕ್ಯಾನು ಬ್ರೇಕಿಗಾ? ದಯವಿಟ್ಟು ಬೇಡ.

ಸೆಷನ್ ಮುಗಿದ ಮೇಲೆ ಬ್ರೇಕ್ ತಣಿಯೋಕೆ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನ ಬಾ. ಪಿಟ್ಟಿಗೆ ಬಂದು ಹ್ಯಾಂಡ್‌ಬ್ರೇಕ್ ಎಳೀಬೇಡ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡು.

ಇನ್ನು ನಿನ್ನ ವಿಡಿಯೋ. ಗದ್ದೆಯಲ್ಲಿ ಆಟೋಕ್ರಾಸ್ (ಕೆಸರಿನ ಕಾರ್ ರೇಸ್) ಮಾಡಿದ್ದು ಚೆನ್ನಾಗಿದೆ, ಕೆಳಗೆ ನೂರು ಜನ ಸೂಪರ್ ಅಂದಿದ್ದಾರೆ. ಕೊಡಗಿನ ಹುಡುಗರೆಲ್ಲ ಕೆಸರಲ್ಲೇ ಕಲಿಯೋದು, ನಾನೂ ಹಾಗೇ. ಅದೇ ಕಾಲು ಡಾಂಬರಿನಲ್ಲಿ ಮುಳ್ಳಾಗುತ್ತೆ. 47 ಹಾರ್ಸ್‌ಪವರಿನ ಕಾರು ಒಂದ್ಸಲ ಜಾರಿ ಸ್ಪೀಡ್ ಕಳಕೊಂಡ್ರೆ ಮುಂದಿನ ಸ್ಟ್ರೇಟ್ ಪೂರ್ತಿ ಅದನ್ನ ಹುಡುಕ್ತಾ ಹೋಗುತ್ತೆ. ಟೈರ್ ಕಿರಿಚಿದ್ರೆ ಫಾಸ್ಟ್ ಅಂತ ನೀನು ಅಂದ್ಕೊಂಡಿದ್ದಿ. ಸ್ವಲ್ಪ ಗುನುಗಬೇಕು, ಅಷ್ಟೇ. ಎಂಜಿನ್ ಎಳೀತಿಲ್ಲ ಅಂತ ನೀನು ಹೇಳ್ತಿರೋದರಲ್ಲಿ ಅರ್ಧ ಇದೇ ಅಂತ ನನ್ನ ಅನುಮಾನ. ರೇಸ್ ಕಾರು ಕಟ್ಟುತ್ತಿದ್ದ ಎಸ್ ಕರಿವರ್ಧನ್ ಅವರು ಇದೇ 796 ಸಿಸಿಯ ಮಾರುತಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಮಾಡಿದ್ರು, ನಮ್ಮ ದೇಶದ ಮೊದಲ ಎಫ್1 ಡ್ರೈವರ್ ನರೇನ್ ಕಾರ್ತಿಕೇಯನ್ ಶುರುಮಾಡಿದ್ದೂ ಅದರಲ್ಲೇ. ನೀನು ಹೋಗ್ತಿರೋ ಟ್ರ್ಯಾಕಿಗೆ ಇರೋದೂ ಅವರದೇ ಹೆಸರು. ಬ್ರಿಟನ್ನಿನಲ್ಲಿ 998 ಸಿಸಿಯ ಸಿಟ್ರೋಯೆನ್ ಸಿ1 ಕಾರುಗಳಲ್ಲಿ 24 ಗಂಟೆ ರೇಸ್ ಮಾಡ್ತಾರೆ. ಅವರ‍್ಯಾರೂ ಹೆಡ್ ಕೊರೆಯಲ್ಲ.

ಅಷ್ಟಕ್ಕೂ ಎಲ್ಲರದ್ದೂ ಒಂದೇ ಕಾರು ಅಂತ ಮಾತಾಡಿಕೊಂಡು ನೀನೊಬ್ಬ ಹೆಡ್ ಪೋರ್ಟ್ ಮಾಡಿಸಿದ್ರೆ ಅದು ಮೋಸ ಮಾರಾಯ. ಗೊತ್ತಿಲ್ಲದೆ ಪಟ್ಟಿ ಮಾಡಿದ್ದಿ ಅಂತ ಬಿಡ್ತೀನಿ. ಇದಕ್ಕೆ ನಾವು ಒಂದು ಉಪಾಯ ಮಾಡಿದ್ವಿ. ಬೆಳಿಗ್ಗೆ ಚೀಟಿ ಎತ್ತಿ ಕಾರಿನ ಕೀಲಿ ಬದಲಿಸೋದು. ನಿನ್ನ ಕಾರು ಯಾರಿಗೆ ಹೋಗುತ್ತೆ ಗೊತ್ತಿಲ್ಲ ಅಂದ್ಮೇಲೆ ಎಂಜಿನ್ನಿಗೆ ಯಾರು ದುಡ್ಡು ಹಾಕ್ತಾರೆ? ಆದ್ರೆ ಬ್ರೇಕ್ ಎಲ್ಲರೂ ಎಲ್ಲರದ್ದೂ ನೋಡ್ತಾರೆ. ತೂಕದ ಲೆಕ್ಕ ಡ್ರೈವರ್ ಸೇರಿಸಿ ಇಡಿ, ಇಷ್ಟು ಹಗುರ ಕಾರಲ್ಲಿ 20 ಕೆಜಿ ಗೊತ್ತಾಗುತ್ತೆ. ಹಗುರ ಇದ್ದವರು ತೂಕ ಸೇರಿಸೋದಾದ್ರೆ ನೆಲಕ್ಕೆ ಬೋಲ್ಟ್ ಹಾಕಿ. ನಮ್ಮಲ್ಲೊಬ್ಬ ಮಹಾನುಭಾವ ಅಕ್ಕಿ ಮೂಟೆ ಇಟ್ಟಿದ್ದ.

ಟೈರು 145/80 ಆರ್12, ಅದರಲ್ಲಿ ಆಯ್ಕೆ ಹೆಚ್ಚಿಲ್ಲ, ಹಾಗಾಗಿ ಬ್ರ್ಯಾಂಡ್ ಜಗಳ ಬಿಟ್ಟು ಗಾಳಿ ಕಡೆ ನೋಡು. ಗೋಣಿಕೊಪ್ಪದಲ್ಲಿ ಬೆಳಿಗ್ಗೆ ಚಳಿಯಲ್ಲಿ ಹಿಡಿದ ಗಾಳಿ ಕೊಯಮತ್ತೂರಿನ ಮಧ್ಯಾಹ್ನಕ್ಕೆ ಬೇರೆಯೇ ಇರುತ್ತೆ, ಹತ್ತು ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ. ಅಲ್ಲೇ ನೆರಳಲ್ಲಿ ನಿಲ್ಲಿಸಿ, ನಿನ್ನದೇ ಗೇಜಲ್ಲಿ ಹಿಡಿ, ಪೆಟ್ರೋಲ್ ಬಂಕಿಂದು ನಂಬಬೇಡ. ಡೋರ್ ಮೇಲಿರೋ ಲೆಕ್ಕದಿಂದ ಶುರು. ಟೈರಿನ ಭುಜದ ಮೇಲೆ ಎಲೆಅಡಿಕೆ ಸುಣ್ಣದಲ್ಲಿ ಒಂದು ಗೆರೆ ಎಳಿ. ನಾಲ್ಕು ಸುತ್ತು ಬಂದು ನೋಡು, ಸುಣ್ಣ ಪಕ್ಕದ ಗೋಡೆ ತನಕ ಅಳಿಸಿದ್ರೆ ಗಾಳಿ ಕಮ್ಮಿ, ಮುಟ್ಟೇ ಇಲ್ಲ ಅಂದ್ರೆ ಜಾಸ್ತಿ. ತಿರುವಲ್ಲಿ ಕಾರಿನ ಮೂತಿ ತಿರುಗ್ತಿಲ್ಲ ಅಂದ್ರೆ ಹಿಂದಿನ ಟೈರಿಗೆ ಎರಡು ಪಿಎಸ್‌ಐ ಏರಿಸು. ಮಳೆ ಬಂದ್ರೆ ಅದನ್ನ ವಾಪಸ್ ಇಳಿಸೋದು ಮರೀಬೇಡ, ಹಿಂದುಗಡೆ ತಿರುಗಿಬಿಡುತ್ತೆ. ಎಲ್ಲ ಬರೆದಿಡು. ನಂದು ಹಳೆ ಚೆಕ್‌ರೋಲ್ (ತೋಟದ ಹಾಜರಿ) ಪುಸ್ತಕ, ಆಳುಗಳ ಹೆಸರಿನ ಜಾಗದಲ್ಲಿ ನಾಲ್ಕು ಚಕ್ರ.

ಗೇಟು, ಗ್ರಿಲ್ಲು ಮಾಡೋರ ಹತ್ರ ರೋಲ್ ಕೇಜ್ (ಕಾರು ಮಗುಚಿದ್ರೆ ಕಾಪಾಡೋ ಪೈಪಿನ ಪಂಜರ) ಮಾಡಿಸ್ತೀನಿ ಅಂತ ಕಾಮೆಂಟಲ್ಲಿ ಬರೆದಿದ್ದಿ. ಕಿವಿ ಹಿಂಡಬೇಕು ನಿಂಗೆ. ವೆಲ್ಡ್ ಬಿಟ್ರೆ ಆ ಪೈಪು ನಿನ್ನ ತಲೆಗೇ ಬರೋದು. ದೇಶದ ಮೋಟಾರ್ ರೇಸ್ ಸಂಸ್ಥೆ ಎಫ್‌ಎಂಎಸ್‌ಸಿಐ ರೂಲಲ್ಲಿ ಇರೋ ಹಾಗೆ ಮಾಡಿಸು, ಇಲ್ಲಾಂದ್ರೆ ಈ ಸಲ ಒಬ್ಬೊಬ್ಬರೇ ಟೈಮ್ ಹಾಕಿ ಬನ್ನಿ, ಅಕ್ಕಪಕ್ಕ ಓಡಿಸಬೇಡಿ. ಹೆಲ್ಮೆಟ್ ಬೈಕಿಂದಲ್ಲ, ಕಾರ್ ರೇಸಿನ ಸ್ನೆಲ್ ಎಸ್‌ಎ ಗುರುತು ಇರಬೇಕು, ಬೆಂಕಿ ತಡೆಯೋದು ಅದೇ. ಟ್ಯಾಂಕು ಕಾಲು ಭಾಗಕ್ಕಿಂತ ಇಳಿಸಬೇಡ, ಉದ್ದ ತಿರುವಲ್ಲಿ ಪೆಟ್ರೋಲ್ ಒಂದು ಬದಿಗೆ ಹೋಗಿ ಎಂಜಿನ್ ಕೆಮ್ಮುತ್ತೆ. ನೀನು ಅದಕ್ಕೂ ಹೆಡ್ಡನ್ನೇ ಬೈತಿ.

ದಿಂಬಂ ಹಗಲೇ ದಾಟಿ, ರಾತ್ರಿ ಅರಣ್ಯದವರು ಬಿಡಲ್ಲ. ಎರಡನೇ ಗೇರಲ್ಲಿ ಇಳಿ, ಲಗೇಜ್ ಬೇರೆ ಗಾಡಿಗೆ ಹಾಕು.

ನಾನು ಭಾನುವಾರ ಅಮ್ಮತ್ತಿ ಮನೆಯಲ್ಲೇ ಇರ್ತೀನಿ. ಆಯಿಲ್ ಡಬ್ಬ ತಗೊಂಡು ಬಾ, ಸೀಲ್ ಒಡೀಬೇಡ. ರೈಟರಿಗೆ ರಜೆ, ಪೆಡಲ್ ತುಳಿಯೋಕೆ ಒಬ್ಬನನ್ನ ಕರ್ಕೊಂಡು ಬಾ.