ಸಂಪಾದಕರ ಉತ್ತರ: ಬೇಡವಾದವರು ಗೆದ್ದ ಆಟ

(ನ್ಯೂಜೆರ್ಸಿಯ ಓದುಗರೊಬ್ಬರ ಪತ್ರದ ಸಾರ: ಅಮೆರಿಕನ್ ಫುಟ್‌ಬಾಲ್‌ನ ವಾರ್ಷಿಕ ಅಂತಿಮ ಪಂದ್ಯವಾದ ಸೂಪರ್ ಬೌಲ್ ಕುರಿತ ಕಳೆದ ಸಂಚಿಕೆಯ ಲೇಖನದಲ್ಲಿ 1969ರ ನ್ಯೂಯಾರ್ಕ್ ಜೆಟ್ಸ್ ಗೆಲುವನ್ನು ಆ ಆಟದ ಅತಿ ದೊಡ್ಡ ಅಚ್ಚರಿಯೆಂದು ಕರೆದದ್ದು ಬರೀ ಹಳಬರ ಹಳಹಳಿಕೆ. ಒಂದೂ ಪಂದ್ಯ ಸೋಲದೆ ಬಂದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 2008ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮಣಿಸಿದ್ದಕ್ಕೆ ಸಮನಾದದ್ದು ಬೇರೊಂದಿಲ್ಲ. ಲೇಖನದಲ್ಲಿ ಒಂದು ತಪ್ಪೂ ಇದೆ, ತಿದ್ದುಪಡಿ ಪ್ರಕಟಿಸಿ.)

ಮಾನ್ಯರೆ,

ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊರು ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ಒಂದು ಒತ್ತಕ್ಷರ ತಪ್ಪದ ಕನ್ನಡದಲ್ಲಿ, ಅದೂ ಅಮೆರಿಕದ ಫುಟ್‌ಬಾಲ್ ಬಗ್ಗೆ, ಇಷ್ಟು ಸಿಟ್ಟಿನಿಂದ ಬರೆಯುವ ಓದುಗರು ನಮಗಿದ್ದಾರೆಂದು ತಿಳಿದು ಸಂತೋಷವಾಯಿತು. ನೀವು ಸಿಟ್ಟಾದದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ವಿಷಯದಲ್ಲಿ ನನಗೂ ಬಹುಕಾಲದ ಒಂದು ಹಟವಿದೆ. ಅದನ್ನು ಹೇಳಿಕೊಳ್ಳಲು ನೆಪ ಸಿಕ್ಕಿರಲಿಲ್ಲ.

ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. 2008ರ ಫೆಬ್ರವರಿ 3ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ಜೈಂಟ್ಸ್ 17–14ರಿಂದ ಗೆದ್ದದ್ದು ಸಣ್ಣ ಸಂಗತಿಯಲ್ಲ. ಎದುರಿಗಿದ್ದದ್ದು ಸತತ ಹದಿನೆಂಟು ಪಂದ್ಯ ಗೆದ್ದ ತಂಡ. ಲೀಗ್ ಹಂತದಲ್ಲಿ ಆ ತಂಡ ಗಳಿಸಿದ 589 ಅಂಕಗಳು ಆಗಿನ ದಾಖಲೆ, ಅದರ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಟಾಮ್ ಬ್ರೇಡಿಯ ಐವತ್ತು ಟಚ್‌ಡೌನ್ ಪಾಸ್‌ಗಳೂ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಎಸೆತ) ಆಗಿನ ದಾಖಲೆ. ಕೊನೆಯ ಒಂದೂಕಾಲು ನಿಮಿಷದಲ್ಲಿ ಜೈಂಟ್ಸ್‌ನ ಡೇವಿಡ್ ಟೈರಿ ನೆಗೆದು ಚೆಂಡನ್ನು ಒಂದೇ ಕೈಯಿಂದ ತಲೆಯ ಹೆಲ್ಮೆಟ್ಟಿಗೆ ಅದುಮಿ ಹಿಡಿದು, ಮೈಮೇಲೆ ಬಿದ್ದ ಪೇಟ್ರಿಯಟ್ಸ್‌ನ ರಾಡ್ನಿ ಹ್ಯಾರಿಸನ್ ಎಳೆದಾಡಿದರೂ ಬಿಡದೆ ನೆಲಕ್ಕುರುಳಿದ್ದನ್ನು ನೀವು ಒಂದಿಡೀ ಪುಟ ವರ್ಣಿಸಿದ್ದೀರಿ. ಲೀಗ್ ಹಂತದುದ್ದಕ್ಕೂ ನಾಲ್ಕೇ ನಾಲ್ಕು ಸಲ ಚೆಂಡು ಹಿಡಿದಿದ್ದ ಆಟಗಾರನ ಕೈಯಿಂದ ಅದು ಬಂತೆಂಬ ನಿಮ್ಮ ಬೆರಗು ನನ್ನದೂ ಹೌದು.

ಆದರೆ ಒಂದು ಸಣ್ಣ ಸಂಗತಿಯನ್ನು ನೀವು ಜಾಣತನದಿಂದ ಬಿಟ್ಟಿದ್ದೀರಿ. ಆ ಪಂದ್ಯಕ್ಕೆ ಐದು ವಾರ ಮೊದಲು, 2007ರ ಡಿಸೆಂಬರ್ 29ರಂದು, ನಿಮ್ಮ ನ್ಯೂಜೆರ್ಸಿಯಲ್ಲಿಯೇ ಇವೇ ಎರಡು ತಂಡಗಳು ಆಡಿದ್ದವು. ಮೂರನೆಯ ಕ್ವಾರ್ಟರ್‌ನಲ್ಲಿ ಜೈಂಟ್ಸ್ 28–16ರಿಂದ ಮುಂದಿದ್ದು, ಕೊನೆಗೆ 38–35ರಿಂದ ಸೋತಿತ್ತು. ಮೂರೇ ಅಂಕದಿಂದ ಸೋತವರು ಮುಂದಿನ ಭೇಟಿಯಲ್ಲಿ ಮೂರೇ ಅಂಕದಿಂದ ಗೆದ್ದರೆ ಅದನ್ನು ರೋಚಕ ಎನ್ನಬಹುದು, ಸೊಗಸು ಎನ್ನಬಹುದು. ಯಾರೂ ಊಹಿಸಲಾರದ್ದು ಎನ್ನಲು ನನ್ನ ಲೇಖನಿ ಹಿಂಜರಿಯುತ್ತದೆ.

ಈಗ ನನ್ನ ಪಕ್ಷಕ್ಕೆ ಬರುತ್ತೇನೆ. 1969ರ ಜನವರಿ 12, ಮಯಾಮಿಯ ಆರೆಂಜ್ ಬೌಲ್ ಮೈದಾನ. ಒಂದು ಕಡೆ ಎನ್‌ಎಫ್‌ಎಲ್ ಎಂಬ ಹಳೆಯ, ಶ್ರೀಮಂತ ಲೀಗಿನ ಬಾಲ್ಟಿಮೋರ್ ಕೋಲ್ಟ್ಸ್. ಹದಿನಾಲ್ಕರಲ್ಲಿ ಹದಿಮೂರು ಪಂದ್ಯ ಗೆದ್ದಿದ್ದ ತಂಡ ಅದು, ತನ್ನನ್ನು ಸೋಲಿಸಿದ್ದ ಏಕೈಕ ತಂಡವಾದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅನ್ನು ಲೀಗ್ ಫೈನಲ್‌ನಲ್ಲಿ 34–0ರಿಂದ ಚಚ್ಚಿ ಬಂದಿತ್ತು. ಇನ್ನೊಂದು ಕಡೆ, 1960ರಲ್ಲಿ ಕಣ್ಣುಬಿಟ್ಟ ಎಎಫ್‌ಎಲ್ ಎಂಬ ಎಳೆಯ ಲೀಗಿನ ಜೆಟ್ಸ್. ಮೊದಲ ಎರಡು ವರ್ಷ ಈ ಎರಡು ಲೀಗುಗಳ ಚಾಂಪಿಯನ್ನರು ಎದುರಾದಾಗ ಗ್ರೀನ್ ಬೇ ಪ್ಯಾಕರ್ಸ್ 35–10, 33–14ರಿಂದ ಎಳೆಯರನ್ನು ಮೂಲೆಗೊತ್ತಿತ್ತು. ಮೂರನೆಯ ಸಲವೂ ಅದೇ ಕಥೆಯೆಂದು ಎಲ್ಲರೂ ನಂಬಿದ್ದರು. ಬೆಟ್ಟಿಂಗ್ ಕಟ್ಟೆಗಳು ಕೋಲ್ಟ್ಸ್‌ಗೆ ಹದಿನೆಂಟು ಅಂಕಗಳ ಮೇಲುಗೈ ಕೊಟ್ಟಿದ್ದವು, ಅಂದರೆ ಅಷ್ಟು ಅಂತರದಿಂದ ಅದು ಗೆಲ್ಲುತ್ತದೆಂದು ಲೆಕ್ಕ ಹಾಕಿದ್ದವು. ಪಂದ್ಯಕ್ಕೆ ಮೂರು ದಿನವಿರುವಾಗ ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋ ನಾಮತ್, ಸಭೆಯೊಂದರಲ್ಲಿ ಯಾರೋ ಕೆಣಕಿದ್ದಕ್ಕೆ, ಭಾನುವಾರ ನಾವೇ ಗೆಲ್ಲುತ್ತೇವೆ, ನಾನು ಗ್ಯಾರಂಟಿ ಕೊಡುತ್ತೇನೆ ಎಂದು ಹೇಳಿ ಇಡೀ ದೇಶವನ್ನು ನಗಿಸಿದ್ದೂ ನಿಮಗೆ ಗೊತ್ತಿದೆ. ಜೆಟ್ಸ್ 16–7ರಿಂದ ಗೆದ್ದಿತು. ಲೆಕ್ಕ ಹಾಕಿದ್ದವರು ಇಪ್ಪತ್ತೇಳು ಅಂಕದಷ್ಟು ತಪ್ಪಿದ್ದರು.

ಇಲ್ಲಿಗೆ ನಿಲ್ಲಿಸಿದರೆ ನಾನೂ ನಿಮ್ಮಂತೆ ಅಂಕಿಗಳ ಆಟ ಆಡಿದಂತಾಯಿತು. ನನ್ನ ಹಟ ಬೇರೆ. ಆ ದಿನ ಜೆಟ್ಸ್ ಪಾಳೆಯದಲ್ಲಿ ಯಾರು ಯಾರಿದ್ದರೆಂದು ನೋಡಿ. ಕೋಚ್ ವೀಬ್ ಯೂಬ್ಯಾಂಕ್ 1958 ಮತ್ತು 1959ರಲ್ಲಿ ಇದೇ ಕೋಲ್ಟ್ಸ್‌ಗೆ ಚಾಂಪಿಯನ್ ಪಟ್ಟ ತಂದುಕೊಟ್ಟವರು. 1962ರ ಋತು ಮುಗಿದ ಮೇಲೆ ಮಾಲೀಕರು ಅವರನ್ನು ಮನೆಗೆ ಕಳುಹಿಸಿ ಆ ಜಾಗಕ್ಕೆ ಡಾನ್ ಶುಲಾ ಎಂಬ ಯುವಕನನ್ನು ತಂದರು. ಪ್ರಶಸ್ತಿಯ ಪಂದ್ಯದಲ್ಲಿ ಎದುರಿಗೆ ನಿಂತದ್ದು ಅದೇ ಶುಲಾ. ರಕ್ಷಣೆಯಲ್ಲಿದ್ದ ಜಾನಿ ಸ್ಯಾಂಪಲ್ ಕೂಡ ಕೋಲ್ಟ್ಸ್‌ನಲ್ಲಿ ಆಡಿ ಹೊರಬಿದ್ದವರು. ಮತ್ತು ವಿನ್‌ಸ್ಟನ್ ಹಿಲ್. ಈ ಹೆಸರನ್ನು ನಿಮ್ಮ ನಾಲ್ಕು ಪುಟಗಳಲ್ಲಿ ಹುಡುಕಿದೆ, ಸಿಗಲಿಲ್ಲ. 1963ರಲ್ಲಿ ಕೋಲ್ಟ್ಸ್ ತಾನೇ ಆರಿಸಿಕೊಂಡು, ಋತು ಶುರುವಾಗುವ ಮೊದಲೇ ಬೇಡವೆಂದು ಕೈಬಿಟ್ಟ ಆಟಗಾರ ಆತ. ಆರನೆಯ ವರ್ಷಕ್ಕೆ ಜೆಟ್ಸ್‌ನ ಎಡಬದಿಯ ಟ್ಯಾಕಲ್ (ಎದುರಾಳಿಗಳನ್ನು ತಡೆದು ದಾರಿ ಬಿಡಿಸುವ ಆಟಗಾರ) ಆಗಿ ಅದೇ ಕೋಲ್ಟ್ಸ್ ಮುಂದೆ ಬಂದು ನಿಂತ. ಅವನಿಗೆ ಎದುರಾಗಿ ನಿಂತವರು ಮೂವತ್ತಾರು ವಯಸ್ಸಿನ ಆರ್ಡೆಲ್ ಬ್ರಾಸ್.

ಆ ಪಂದ್ಯದ ಹಳೆಯ ಚಿತ್ರಿಕೆ ಸಿಕ್ಕರೆ ದಯವಿಟ್ಟು ಚೆಂಡನ್ನು ಬಿಟ್ಟು ಹಿಲ್ ಒಬ್ಬರನ್ನೇ ನೋಡುತ್ತ ಹೋಗಿ. ಚೆಂಡು ಜೆಟ್ಸ್‌ನ ಓಟಗಾರ ಮ್ಯಾಟ್ ಸ್ನೆಲ್ ಕೈಗೆ ಬರುತ್ತದೆ, ಹಿಲ್ ಎದುರಾಳಿಯ ಎದೆಗೆ ಭುಜ ಕೊಟ್ಟು ಹೊರಕ್ಕೆ ತಳ್ಳುತ್ತಾರೆ, ಆ ಸಂದಿಯಲ್ಲಿ ಸ್ನೆಲ್ ನುಗ್ಗುತ್ತಾರೆ. ನಾಲ್ಕು ಗಜ. ಮತ್ತೆ ಎಡಕ್ಕೆ, ಐದು ಗಜ. ಹೀಗೆ ಸ್ನೆಲ್ ಮೂವತ್ತು ಸಲ ಚೆಂಡು ಹೊತ್ತು 121 ಗಜ ಓಡಿದರು. ಟಚ್‌ಡೌನ್ ಕೂಡ ಎಡಗಡೆಯಿಂದಲೇ ಬಂತು. ಯೂಬ್ಯಾಂಕ್‌ಗೆ ಆ ಮನೆಯ ಯಾವ ಗೋಡೆ ಹಳತಾಗಿದೆಯೆಂದು ಗೊತ್ತಿತ್ತು. ಆ ಮನೆಯನ್ನು ಒಂದು ಕಾಲಕ್ಕೆ ಕಟ್ಟಿದವರೇ ಅವರಲ್ಲವೇ? ನಾಮತ್ ಕೊನೆಯ ಕ್ವಾರ್ಟರ್‌ನಲ್ಲಿ ಒಂದೇ ಒಂದು ಪಾಸ್ ಎಸೆಯಲಿಲ್ಲ. ಎಸೆಯುವ ಅಗತ್ಯವೇ ಬೀಳಲಿಲ್ಲ.

ಆದರೂ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋದದ್ದು ನಾಮತ್‌ಗೆ. 1985ರಲ್ಲಿ ಅವರು ಆಟದ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಹಿಲ್ ಆಯ್ಕೆಯಾದದ್ದು 2020ರಲ್ಲಿ, ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. ನಾಮತ್ ಮೇಲೆ ನನಗೇನೂ ಮುನಿಸಿಲ್ಲ, ಅವರು ಧೈರ್ಯವಂತರು, ಆ ದಿನ 206 ಗಜ ಪಾಸ್ ಮಾಡಿ ಒಂದೂ ಚೆಂಡನ್ನು ಎದುರಾಳಿಯ ಕೈಗೆ ಕೊಡದವರು. ನನ್ನ ಮುನಿಸು ನಮ್ಮ ವೃತ್ತಿಯವರ ಮೇಲೆ. ನಾನು ಉಪಸಂಪಾದಕನಾಗಿ ಸೇರಿದ ಪತ್ರಿಕೆಯಲ್ಲಿ ಟೆಲಿಪ್ರಿಂಟರ್‌ನಿಂದ ಬಂದ ಕ್ರೀಡಾ ಸುದ್ದಿಯನ್ನು ಸ್ಕೇಲಿನಿಂದ ಹರಿದು, ಮೊದಲ ಎರಡು ಪ್ಯಾರಾ ಉಳಿಸಿಕೊಂಡು ಮಿಕ್ಕದ್ದನ್ನು ಬುಟ್ಟಿಗೆ ಹಾಕುವುದು ರೂಢಿಯಾಗಿತ್ತು. ಹಿಲ್‌ನಂಥವರ ಹೆಸರು ಯಾವಾಗಲೂ ಬರುತ್ತಿದ್ದದ್ದು ಕೊನೆಯ ಪ್ಯಾರಾದಲ್ಲಿ. ಎಷ್ಟು ಜನರನ್ನು ನಾನೇ ಬುಟ್ಟಿಗೆ ಹಾಕಿದ್ದೇನೋ ಲೆಕ್ಕವಿಲ್ಲ.

ಈಗ ಬುಟ್ಟಿಯೂ ಇಲ್ಲ, ಸ್ಕೇಲೂ ಇಲ್ಲ, ಹದಿನೈದು ಸೆಕೆಂಡಿನ ತುಣುಕು ಇದೆ, ಪಕ್ಕದಲ್ಲಿ ಬಾಜಿಯ ಅಂಕಿ ಇದೆ. 1969ಕ್ಕೆ ಹದಿನೆಂಟು ಅಂಕ, 2008ಕ್ಕೆ ಹನ್ನೆರಡು ಅಂಕ ಎಂದು ನೀವೂ ನಾವೂ ಉದ್ಧರಿಸುವ ಈ ಅಂತರ ಆಟದ ಅಳತೆಯೇ ಅಲ್ಲ. ಎರಡೂ ಕಡೆ ಹಣ ಸರಿಸುಮಾರು ಸಮನಾಗಿ ಬೀಳಲೆಂದು ಬುಕ್ಕಿಗಳು ಇಡುವ ತೂಕದ ಕಲ್ಲು ಅದು. ಅದು ಜನರ ನಂಬಿಕೆಯನ್ನು ತೂಗುತ್ತದೆಯೇ ಹೊರತು ತಂಡವನ್ನಲ್ಲ. 2018ರ ಮೇ ತಿಂಗಳಲ್ಲಿ, ನಿಮ್ಮ ರಾಜ್ಯವೇ ಸಲ್ಲಿಸಿದ್ದ ಮೇಲ್ಮನವಿಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರದ ತಡೆಯನ್ನು ತೆಗೆದುಹಾಕಿದ ಮೇಲೆ ಈ ಕಲ್ಲು ಎಲ್ಲರ ಜೇಬಿಗೂ ಬಂದಿದೆ. 2022ರ ಫೆಬ್ರವರಿಯಲ್ಲಿ ನಿಮ್ಮ ಸೀಮೆಯಲ್ಲೇ, ಬಂಧುಗಳ ಮನೆಯ ನೆಲಮಾಳಿಗೆಯಲ್ಲಿ, ಖಾರದ ಮಂಡಕ್ಕಿ ತಿನ್ನುತ್ತ ಸೂಪರ್ ಬೌಲ್ ನೋಡಿದೆ. ಲಾಸ್ ಏಂಜಲೀಸ್ ರ‍್ಯಾಮ್ಸ್ 23–20ರಿಂದ ಗೆದ್ದಾಗ ಇಡೀ ಸಂಜೆ ರ‍್ಯಾಮ್ಸ್ ಪರ ಕೂಗಿದ್ದ ಹುಡುಗನೊಬ್ಬ ಫೋನನ್ನು ಸೋಫಾದ ಮೇಲೆ ಎಸೆದು ಮುಖ ಸಿಂಡರಿಸಿಕೊಂಡ. ಗೆದ್ದರಲ್ಲಪ್ಪಾ ಎಂದೆ. ‘ಅಂಕಲ್, ನನ್ನ ಬಾಜಿಗೆ ಗೆದ್ದರೆ ಸಾಲದು, ನಾಲ್ಕಕ್ಕಿಂತ ಜಾಸ್ತಿ ಅಂಕದಿಂದ ಗೆಲ್ಲಬೇಕಿತ್ತು’ ಎಂದ. ತನ್ನ ತಂಡ ಗೆದ್ದ ದಿನ ಸೂತಕದ ಮುಖ ಹೊತ್ತು ಕೂತವನನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ನಿಮ್ಮ ಪತ್ರದಲ್ಲಿ 2002ರ ಸೂಪರ್ ಬೌಲ್‌ನ ಹೆಸರೇ ಇಲ್ಲದಿರುವುದು ನನಗೆ ಅಚ್ಚರಿ. ಹದಿನಾಲ್ಕು ಅಂಕಗಳ ಮೇಲುಗೈಯಿದ್ದ ಸೇಂಟ್ ಲೂಯಿಸ್ ರ‍್ಯಾಮ್ಸ್ ಅನ್ನು ಅಂದು 20–17ರಿಂದ ಕೆಡವಿದ್ದು ಇದೇ ಪೇಟ್ರಿಯಟ್ಸ್, ಇದೇ ಬ್ರೇಡಿ. ನಿಮ್ಮ 2008ರ ದೈತ್ಯ ಹುಟ್ಟಿದ್ದೇ ಒಂದು ಅನಿರೀಕ್ಷಿತ ಗೆಲುವಿನಲ್ಲಿ. 2008ರಲ್ಲಿ ಜೈಂಟ್ಸ್ ಗೆದ್ದದ್ದರಿಂದ ಯಾರ ದಾಖಲೆ ಉಳಿಯಿತೆಂಬುದನ್ನೂ ಗಮನಿಸಿ: ಸೂಪರ್ ಬೌಲ್ ಕೂಡ ಗೆದ್ದು, ಒಂದೂ ಸೋಲು ಕಾಣದೆ ಋತು ಮುಗಿಸಿದ ಏಕೈಕ ತಂಡ ಇಂದಿಗೂ 1972ರ ಮಯಾಮಿ ಡಾಲ್ಫಿನ್ಸ್, ಅದರ ಕೋಚ್ ಡಾನ್ ಶುಲಾ. ಆರೆಂಜ್ ಬೌಲ್‌ನಲ್ಲಿ ತಲೆ ತಗ್ಗಿಸಿ ಹೊರನಡೆದಿದ್ದ ಅದೇ ಶುಲಾ.

ತಿದ್ದುಪಡಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಜೆಟ್ಸ್‌ನ ಗೆಲುವು ಅತಿ ದೊಡ್ಡದೆಂಬ ಮಾತನ್ನು ಹಿಂತೆಗೆಯುವುದಿಲ್ಲ. ಆದರೆ ನೀವು ಗುರುತಿಸಿದ ತಪ್ಪು ನಮ್ಮದೇ, ಮತ್ತು ಮೇಲೆ ಇಷ್ಟೆಲ್ಲ ದೂರಿದ ಮೇಲೆ ಅದು ನನ್ನ ಕಣ್ತಪ್ಪಿಸಿ ಅಚ್ಚಾದದ್ದು ನಾಚಿಕೆಯ ಸಂಗತಿ. ಕಳೆದ ಸಂಚಿಕೆಯಲ್ಲಿ ‘ನಾಮತ್ ಎಸೆದ ಟಚ್‌ಡೌನ್ ಪಾಸ್ ಪಂದ್ಯದ ದಿಕ್ಕು ಬದಲಿಸಿತು’ ಎಂದಿರುವುದನ್ನು ಓದುಗರು ಹೀಗೆ ತಿದ್ದಿಕೊಳ್ಳಬೇಕು: ಆ ಪಂದ್ಯದಲ್ಲಿ ನಾಮತ್ ಒಂದೂ ಟಚ್‌ಡೌನ್ ಪಾಸ್ ಎಸೆಯಲಿಲ್ಲ. ಜೆಟ್ಸ್‌ನ ಏಕೈಕ ಟಚ್‌ಡೌನ್ ಮ್ಯಾಟ್ ಸ್ನೆಲ್ ಓಡಿ ಗಳಿಸಿದ್ದು, ಉಳಿದ ಒಂಬತ್ತು ಅಂಕಗಳು ಜಿಮ್ ಟರ್ನರ್ ಒದ್ದ ಮೂರು ಫೀಲ್ಡ್ ಗೋಲ್‌ಗಳಿಂದ ಬಂದವು.

– ಸಂಪಾದಕ